‘ಪಿಕ್ ಅಪ್’ ಬಳಸುವ ಬಗೆ: ಕಾಫಿ ತೋಟದಿಂದ ಕಡೂರು ರೈಲು ನಿಲ್ದಾಣದವರೆಗೆ

ಇಂಗ್ಲಿಷಿನ ‘ಪಿಕ್’ ಮತ್ತು ‘ಪಿಕ್ ಅಪ್’ ಇವೆರಡರ ವ್ಯತ್ಯಾಸವನ್ನು ಕಾಫಿ ತೋಟದ ಕೆಲಸ ಬಲ್ಲವರಿಗೆ ವ್ಯಾಕರಣದ ಪುಸ್ತಕ ತೆರೆಯದೆಯೇ ತಿಳಿಸಬಹುದು. ಗಿಡದಲ್ಲಿರುವ ಹಣ್ಣನ್ನು ಕೊಯ್ಯುವುದು ‘ಪಿಕ್’. ಉದುರಿ ನೆಲಕ್ಕೆ ಬಿದ್ದ ಹಣ್ಣನ್ನು ಹೆಕ್ಕುವುದು ‘ಪಿಕ್ ಅಪ್’. ಚಿಕ್ಕಮಗಳೂರು, ಮೂಡಿಗೆರೆ, ಸಕಲೇಶಪುರದ ಕಡೆ ನವೆಂಬರಿನ ಹೊತ್ತಿಗೆ ಅರೇಬಿಕಾ ಕೊಯ್ಲು ಆರಂಭವಾಗಿ, ಅದರ ಬೆನ್ನಿಗೆ ರೊಬಸ್ಟಾ ಕೊಯ್ಲು ಬಂದು ಮುಗಿಯುವವರೆಗೆ ಈ ಎರಡೂ ಕೆಲಸಗಳು ಒಂದೇ ತೋಟದಲ್ಲಿ ನಡೆಯುತ್ತಿರುತ್ತವೆ. ನೆಲದ ಹಣ್ಣನ್ನು ಹಾಗೆಯೇ ಬಿಟ್ಟರೆ ಬೆರ್ರಿ ಬೋರರ್ ಎಂದು ತೋಟದವರು ಕರೆಯುವ ಹುಳು ಅದರೊಳಗೇ ಉಳಿದು ಮುಂದಿನ ಫಸಲಿಗೆ ದಾಟುತ್ತದೆ. ಆದ್ದರಿಂದ ಹೆಕ್ಕುವ ಕೆಲಸವನ್ನು ಯಾವ ಬೆಳೆಗಾರರೂ ಹಗುರವಾಗಿ ಕಾಣುವುದಿಲ್ಲ. ವಾಕ್ಯದಲ್ಲಿ ಬರುವ ‘ಅಪ್’ ಎಂಬ ಪುಟ್ಟ ಪದವನ್ನೂ ಅಷ್ಟೇ ಗೌರವದಿಂದ ಕಾಣಬೇಕೆಂಬುದು ನನ್ನ ಕೋರಿಕೆ, ಏಕೆಂದರೆ ಅದನ್ನು ಬಿಟ್ಟರೆ ಹೆಕ್ಕುವ ಮಾತು ಕೊಯ್ಯುವ ಮಾತಾಗಿಬಿಡುತ್ತದೆ.

ಇದನ್ನು ಬರೆಯಲು ಒಂದು ಕಾರಣವಿದೆ. ನನ್ನ ಬಳಿ ಸಂಜೆ ಇಂಗ್ಲಿಷ್ ಕಲಿಯಲು ಬರುತ್ತಿದ್ದ ಯುವಕನೊಬ್ಬ ಹೋಮ್‌ಸ್ಟೇಯೊಂದರಲ್ಲಿ ಕೆಲಸಕ್ಕಿದ್ದ. ಕಡೂರಿನಲ್ಲಿ ರೈಲಿಳಿಯಲಿದ್ದ ವಿದೇಶಿ ಅತಿಥಿಯೊಬ್ಬರಿಗೆ ಅವನು ‘ವಿ ವಿಲ್ ಪಿಕ್ ಯೂ’ ಎಂದು ಸಂದೇಶ ಕಳಿಸಿದ. ನಿಮ್ಮನ್ನು ಕರೆದುಕೊಂಡು ಬರುತ್ತೇವೆ ಎಂಬುದು ಅವನ ಮನಸ್ಸಿನಲ್ಲಿದ್ದ ಮಾತು. ನಿಮ್ಮನ್ನು ಆರಿಸುತ್ತೇವೆ ಎಂಬುದು ಅವರು ಓದಿದ ಮಾತು. ಯಾವುದಕ್ಕೆ ಆರಿಸುತ್ತೀರಿ ಎಂದು ಅವರು ವಿನಯದಿಂದಲೇ ಕೇಳಿದ್ದರು. ಆದರೂ ಆ ಹುಡುಗ ಎಷ್ಟು ಕುಗ್ಗಿಹೋದನೆಂದರೆ, ಹಲವು ದಿನ ಅತಿಥಿಗಳೆದುರು ಬಾಯಿ ಬಿಡಲೇ ಇಲ್ಲ. ತಪ್ಪಿದ್ದದ್ದು ಒಂದು ಪದ ಮಾತ್ರ. ಅದನ್ನು ಮೊದಲೇ ಸರಿಯಾಗಿ ಹೇಳಿಕೊಡದಿದ್ದ ಹೊಣೆ ನನ್ನದೆಂದು ನನಗೆ ಇಂದಿಗೂ ಅನಿಸುತ್ತದೆ. ಅಂಗಡಿ, ತೋಟ, ಕಚೇರಿ, ಹೋಮ್‌ಸ್ಟೇ ಎಲ್ಲೇ ಇರಲಿ, ದಿನಬಳಕೆಗೆ ಇಂಗ್ಲಿಷ್ ಬೇಕಾದವರು ಮೊದಲಿಗೆ ಕಲಿಯಬೇಕಾದ ಜೋಡಿ ಕ್ರಿಯಾಪದ ‘ಪಿಕ್ ಅಪ್’ ಎಂದು ನಾನು ನಂಬಿದ್ದೇನೆ. ಇಂಗ್ಲಿಷಿನಲ್ಲಿ ಇಂಥ ಜೋಡಿಗಳನ್ನು ಫ್ರೇಸಲ್ ವರ್ಬ್ ಎನ್ನುತ್ತಾರೆ.

ಮೊದಲ ಹೆಜ್ಜೆ: ಕನ್ನಡದ ‘ಕೊಳ್ಳು’ವನ್ನು ಜೊತೆಗಿಟ್ಟುಕೊಳ್ಳಿ

‘ಪಿಕ್ ಅಪ್’ಗೆ ನಿಘಂಟು ಹತ್ತಾರು ಅರ್ಥ ಕೊಡುತ್ತದೆ. ಆ ಪಟ್ಟಿಯನ್ನು ಬಾಯಿಪಾಠ ಮಾಡಲು ಹೊರಟವರು ಮೂರನೆಯದಕ್ಕೆ ಬರುವಷ್ಟರಲ್ಲಿ ಮೊದಲನೆಯದನ್ನು ಮರೆಯುವುದನ್ನು ನಾನು ಎಷ್ಟೋ ಬಾರಿ ಕಂಡಿದ್ದೇನೆ. ಅದರ ಬದಲು ಆ ಅರ್ಥಗಳನ್ನು ಕನ್ನಡದಲ್ಲಿ ಒಂದರ ಕೆಳಗೊಂದು ಬರೆದು ನೋಡಿ: ನೆಲದಿಂದ ಎತ್ತಿಕೊಳ್ಳುವುದು, ದಾರಿಯಲ್ಲಿ ಕರೆದುಕೊಳ್ಳುವುದು, ಅಂಗಡಿಯಿಂದ ತೆಗೆದುಕೊಳ್ಳುವುದು, ಭಾಷೆಯನ್ನು ಕಲಿತುಕೊಳ್ಳುವುದು, ಶೀತ ಅಂಟಿಸಿಕೊಳ್ಳುವುದು, ಬಿಟ್ಟ ಕೆಲಸವನ್ನು ಮತ್ತೆ ಕೈಗೆತ್ತಿಕೊಳ್ಳುವುದು, ವ್ಯಾಪಾರ ಚೇತರಿಸಿಕೊಳ್ಳುವುದು. ಎಲ್ಲದರ ಬಾಲದಲ್ಲೂ ‘ಕೊಳ್ಳು’ ಇದೆ. ಹೊರಗೆಲ್ಲೋ ಇದ್ದದ್ದು ಕರ್ತೃವಿನ ಕೈಗೆ, ಮೈಗೆ, ಮನಸ್ಸಿಗೆ ಸೇರಿತು ಎಂಬ ಭಾವವನ್ನು ಕನ್ನಡ ‘ಕೊಳ್ಳು’ವಿನಿಂದ ಹೇಳುವ ಕಡೆಗಳಲ್ಲಿ ಇಂಗ್ಲಿಷ್ ಬಹಳ ಸಲ ‘ಪಿಕ್’ ಪಕ್ಕದಲ್ಲಿ ‘ಅಪ್’ ಇಟ್ಟು ಹೇಳುತ್ತದೆ.

ಇದು ನೆನಪಿಗೆ ಊರುಗೋಲೇ ಹೊರತು ನಿಯಮವಲ್ಲ. ‘ಮಲಗಿಕೊ’, ‘ನಕ್ಕೊಂಡಿರು’ ಎಂಬಲ್ಲೂ ‘ಕೊಳ್ಳು’ ಇದೆ, ಅಲ್ಲಿ ‘ಪಿಕ್ ಅಪ್’ಗೆ ಕೆಲಸವಿಲ್ಲ. ಹಾಗೆಯೇ ಫೋನ್ ವಿಷಯದಲ್ಲಿ ನಾವು ‘ಎತ್ತು’ ಎಂದಷ್ಟೇ ಅನ್ನುತ್ತೇವೆ, ಆದರೆ ಇಂಗ್ಲಿಷಿಗೆ ಅಲ್ಲಿಯೂ ‘ಅಪ್’ ಬೇಕು. ಇಷ್ಟು ಎಚ್ಚರವಿದ್ದರೆ ಈ ಊರುಗೋಲು ಬಹುದೂರ ನಡೆಸುತ್ತದೆ.

ಎರಡನೆಯ ಹೆಜ್ಜೆ: ವಸ್ತುವನ್ನು ಎಲ್ಲಿ ಇಡಬೇಕು

ನಮ್ಮವರು ಹೆಚ್ಚು ಎಡವುವುದು ಅರ್ಥದಲ್ಲಲ್ಲ, ಪದಗಳ ಜಾಗದಲ್ಲಿ. ಹಾಗಾಗಿ ಇಲ್ಲಿ ಸ್ವಲ್ಪ ನಿಲ್ಲೋಣ. ಎತ್ತಿಕೊಳ್ಳಬೇಕಾದದ್ದರ ಹೆಸರನ್ನು ಹೇಳುವುದಾದರೆ ಅದನ್ನು ‘ಅಪ್’ ನಂತರವೂ ಇಡಬಹುದು, ‘ಪಿಕ್’ ಮತ್ತು ‘ಅಪ್’ ನಡುವೆಯೂ ಇಡಬಹುದು. ‘ಪಿಕ್ ಅಪ್ ದ ಬ್ಯಾಗ್’ ಸರಿ, ‘ಪಿಕ್ ದ ಬ್ಯಾಗ್ ಅಪ್’ ಎಂಬುದೂ ಸರಿ. ಎರಡಕ್ಕೂ ‘ಚೀಲ ಎತ್ತಿಕೊ’ ಎಂಬುದೇ ಅರ್ಥ. ಆದರೆ ಹೆಸರಿನ ಬದಲು ‘ಇಟ್’, ‘ದೆಮ್’, ‘ಹಿಮ್’, ‘ಹರ್’, ‘ಮಿ’, ‘ಯೂ’, ‘ಅಸ್’ ಎಂಬ ಸರ್ವನಾಮ ಬಂದರೆ ಆಯ್ಕೆ ಇಲ್ಲ, ಅದು ನಡುವೆಯೇ ಬರಬೇಕು. ‘ಪಿಕ್ ಇಟ್ ಅಪ್’ ಎನ್ನಬೇಕು; ‘ಪಿಕ್ ಅಪ್ ಇಟ್’ ಎಂದರೆ ಕೇಳುವವರಿಗೆ ಅರ್ಥವಾದೀತು, ಆದರೆ ಅದು ಇಂಗ್ಲಿಷ್ ವಾಕ್ಯವಾಗುವುದಿಲ್ಲ. ಹೋಮ್‌ಸ್ಟೇಯ ಹುಡುಗ ಬರೆಯಬೇಕಾಗಿದ್ದದ್ದು ‘ವಿ ವಿಲ್ ಪಿಕ್ ಯೂ ಅಪ್’ ಎಂದು.

ಇದನ್ನು ಅಭ್ಯಾಸ ಮಾಡಲು ನಾನು ಸೂಚಿಸುವ ದಾರಿ ಹೀಗಿದೆ. ಮನೆಯಲ್ಲಿ ಕಾಣುವ ಐದು ವಸ್ತುಗಳನ್ನು ಆರಿಸಿ, ಪ್ರತಿಯೊಂದಕ್ಕೂ ಮೂರು ವಾಕ್ಯಗಳನ್ನು ಗಟ್ಟಿಯಾಗಿ ಹೇಳಿ. ‘ಪಿಕ್ ಅಪ್ ದ ಅಂಬ್ರೆಲ್ಲಾ. ಪಿಕ್ ದ ಅಂಬ್ರೆಲ್ಲಾ ಅಪ್. ಪಿಕ್ ಇಟ್ ಅಪ್.’ ಬಳಿಕ ಚಪ್ಪಲಿಯಂಥ ಜೋಡಿ ವಸ್ತುವನ್ನು ತೆಗೆದುಕೊಂಡು, ‘ಇಟ್’ ಜಾಗದಲ್ಲಿ ‘ದೆಮ್’ ಇಡಿ. ಮೂರನೆಯ ವಾಕ್ಯವನ್ನೇ ಹೆಚ್ಚು ಬಾರಿ ಹೇಳಿ, ಏಕೆಂದರೆ ಮಾತಿನಲ್ಲಿ ಒಮ್ಮೆ ಹೆಸರಾದ ವಸ್ತು ಮರುಕ್ಷಣವೇ ‘ಇಟ್’ ಆಗಿಬಿಡುತ್ತದೆ. ಈ ಐದು ನಿಮಿಷದ ಕೆಲಸವನ್ನು ಒಂದು ವಾರ ಬಿಡದೆ ಮಾಡಿದವರು ಮತ್ತೆ ‘ಪಿಕ್ ಅಪ್ ಇಟ್’ ಎಂದದ್ದನ್ನು ನಾನು ಕೇಳಿಲ್ಲ.

ವಸ್ತುವಿನ ವಿವರಣೆ ಉದ್ದವಾಗಿದ್ದರೆ ಅದನ್ನು ನಡುವೆ ತುರುಕಬೇಡಿ. ಕಣದ ಪಕ್ಕ ನಿನ್ನೆ ಬಿಟ್ಟುಬಂದ ಖಾಲಿ ಗೋಣಿಚೀಲಗಳನ್ನು ಎತ್ತಿಕೊಂಡು ಬಾ ಎನ್ನುವಾಗ, ‘ಪಿಕ್ ಅಪ್’ ಎಂದು ಮುಗಿಸಿಕೊಂಡು, ಆಮೇಲೆ ಗೋಣಿಚೀಲದ ವರ್ಣನೆಯನ್ನೆಲ್ಲ ಹೇಳುವುದು ಸುಲಭ. ಪಿಕ್‌ಗೂ ಅಪ್‌ಗೂ ನಡುವೆ ಅಂತರ ಹೆಚ್ಚಿದಷ್ಟೂ ಕೇಳುವವರು ‘ಅಪ್’ಗಾಗಿ ಕಾಯುತ್ತಾ ಉಳಿಯುತ್ತಾರೆ.

ಮೂರನೆಯ ಹೆಜ್ಜೆ: ಬಾಯಿಯಲ್ಲಿ ಕೂರಿಸುವುದು

ಬರವಣಿಗೆಯಲ್ಲಿ ಎರಡು ಪದ, ಬಾಯಲ್ಲಿ ಒಂದೇ. ಕನ್ನಡದಲ್ಲಿ ‘ಮಾತು’, ‘ಇಲ್ಲ’ ಕೂಡಿ ‘ಮಾತಿಲ್ಲ’ ಆಗುವಂತೆ, ಇಂಗ್ಲಿಷಿನಲ್ಲೂ ‘ಪಿಕ್’ನ ಕೊನೆಯ ವ್ಯಂಜನ ‘ಅಪ್’ನ ಸ್ವರಕ್ಕೆ ಅಂಟಿಕೊಂಡು ‘ಪಿಕಪ್’ ಎಂದು ಕೇಳಿಸುತ್ತದೆ. ‘ಪಿಕ್ಕು ಅಪ್ಪು’ ಎಂದು ಕೊನೆಗೆ ಉಕಾರ ಸೇರಿಸುವ ಅಭ್ಯಾಸ ನಮ್ಮಲ್ಲಿ ಇರುವುದು ಸಹಜ, ಕನ್ನಡದ ಪದಗಳು ಹೆಚ್ಚಾಗಿ ಸ್ವರಾಂತವಾದದ್ದರಿಂದ ನಾಲಿಗೆ ಸ್ವರವನ್ನು ಬೇಡುತ್ತದೆ. ತುಟಿ ಮುಚ್ಚಿ ‘ಪ್’ನಲ್ಲೇ ನಿಲ್ಲಿಸುವುದನ್ನು ರೂಢಿಸಿಕೊಳ್ಳಿ.

ಭೂತಕಾಲದ ರೂಪವನ್ನು ‘ಪಿಕ್ಕೆಡ್’ ಎಂದು ಓದುವುದು ಶಾಲೆಯಿಂದಲೇ ಬಂದಿರುವ ತಪ್ಪು. ಅದು ‘ಪಿಕ್ಟ್’. ಹೀಗಾಗಿ ‘ಅದನ್ನು ಎತ್ತಿಕೊಂಡೆ’ ಎಂಬುದು ‘ಐ ಪಿಕ್ಟ್ ಇಟ್ ಅಪ್’. ವೇಗವಾಗಿ ಹೇಳಿದಾಗ ‘ಐ ಪಿಕ್ಟಿಟಪ್’ ಎಂದು ಒಂದೇ ಉಸಿರಿನಲ್ಲಿ ಕೇಳುತ್ತದೆ. ಇನ್ನೊಂದು ಮಾತು: ಕ್ರಿಯಾಪದವಾಗಿ ಹೇಳುವಾಗ ಒತ್ತು ‘ಅಪ್’ ಮೇಲೆ ಬೀಳುತ್ತದೆ. ತೋಟದ ದಾರಿಯಲ್ಲಿ ಗೊಬ್ಬರ ಹೊತ್ತು ಓಡಾಡುವ ಪಿಕಪ್ ಗಾಡಿಯನ್ನು ಹೆಸರಿಸುವಾಗ ಮಾತ್ರ ಒತ್ತು ಮೊದಲ ಅಕ್ಷರದ ಮೇಲಿರುತ್ತದೆ, ಏಕೆಂದರೆ ಅಲ್ಲಿ ಅದು ನಾಮಪದ. ಕಿವಿಗೊಟ್ಟು ಕೇಳಿದರೆ ಈ ವ್ಯತ್ಯಾಸ ಬಹು ಬೇಗ ತಿಳಿಯುತ್ತದೆ.

ನಾಲ್ಕನೆಯ ಹೆಜ್ಜೆ: ಜನರನ್ನು ಕರೆದುಕೊಳ್ಳುವ ‘ಪಿಕ್ ಅಪ್’

ನಮ್ಮ ಜಿಲ್ಲೆಯಲ್ಲಿ ಅತಿ ಹೆಚ್ಚು ಬೇಕಾಗುವ ಬಳಕೆ ಇದು. ದೂರದೂರಿನಿಂದ ರೈಲಿನಲ್ಲಿ ಬರುವವರಲ್ಲಿ ಅನೇಕರು ಕಡೂರಿನಲ್ಲಿ ಇಳಿಯುತ್ತಾರೆ. ಅಲ್ಲಿಂದ ಚಿಕ್ಕಮಗಳೂರಿಗೆ ಸುಮಾರು 40 ಕಿಲೋಮೀಟರ್. ಯಾರನ್ನು, ಎಲ್ಲಿ, ಎಷ್ಟು ಹೊತ್ತಿಗೆ ಎಂಬ ಮೂರನ್ನು ಈ ಅನುಕ್ರಮದಲ್ಲೇ ಇಟ್ಟರೆ ವಾಕ್ಯ ಸಲೀಸಾಗಿ ನಿಲ್ಲುತ್ತದೆ: ‘ಅವರ್ ಡ್ರೈವರ್ ವಿಲ್ ಪಿಕ್ ಯೂ ಅಪ್ ಅಟ್ ಕಡೂರ್ ಸ್ಟೇಷನ್ ಅಟ್ ಸಿಕ್ಸ್.’ ನಮ್ಮ ಚಾಲಕ ಆರು ಗಂಟೆಗೆ ಕಡೂರು ನಿಲ್ದಾಣದಲ್ಲಿ ನಿಮ್ಮನ್ನು ಹತ್ತಿಸಿಕೊಳ್ಳುತ್ತಾರೆ ಎಂದು ಅರ್ಥ. ‘ಅಟ್ ಕಡೂರ್’ ಬದಲು ‘ಫ್ರಮ್ ಕಡೂರ್’ ಎಂದರೂ ತಪ್ಪಿಲ್ಲ.

ಕನ್ನಡದಲ್ಲಿ ‘ಕಡೂರಿನಿಂದ ಚಿಕ್ಕಮಗಳೂರಿಗೆ ಪಿಕಪ್ ಮಾಡ್ತೀವಿ’ ಎಂದು ಸಲೀಸಾಗಿ ಅನ್ನುತ್ತೇವೆ, ಆದರೆ ಇಂಗ್ಲಿಷಿನ ‘ಪಿಕ್ ಅಪ್’ ಹತ್ತಿಸಿಕೊಳ್ಳುವ ಜಾಗದಲ್ಲೇ ಮುಗಿಯುತ್ತದೆ, ತಲುಪಿಸುವ ಊರನ್ನು ಅದು ಹೊರುವುದಿಲ್ಲ. ತಲುಪಿಸುವ ಮಾತಿಗೆ ‘ಡ್ರಾಪ್ ಆಫ್’ ಎಂಬ ಇನ್ನೊಂದು ಜೋಡಿಯಿದೆ. ‘ಹಿ ವಿಲ್ ಪಿಕ್ ಯೂ ಅಪ್ ಅಟ್ ಕಡೂರ್ ಅಂಡ್ ಡ್ರಾಪ್ ಯೂ ಆಫ್ ಅಟ್ ದ ಹೋಮ್‌ಸ್ಟೇ’ ಎಂದರೆ ಎರಡೂ ಕಡೆ ಸ್ಪಷ್ಟವಾಯಿತು. ಇಲ್ಲಿಯೂ ‘ಯೂ’ ನಡುವೆಯೇ ಕೂತಿದೆ ಎಂಬುದನ್ನು ಗಮನಿಸಿ. ಬರೀ ‘ಡ್ರಾಪ್ ಯೂ’ ಎನ್ನುವುದು ನಮ್ಮ ದೇಶದಲ್ಲಿ ರೂಢಿಯಾಗಿದೆ, ನಮ್ಮೊಳಗೆ ಅದರಿಂದ ತೊಂದರೆಯಿಲ್ಲ; ಹೊರದೇಶದವರಿಗೆ ಬರೆಯುವಾಗ ‘ಆಫ್’ ಸೇರಿಸುವುದು ಒಳ್ಳೆಯದು.

ನಾವೇ ಬೇರೆಯವರನ್ನು ಕೇಳಿಕೊಳ್ಳುವಾಗ ವಿನಯ ಬೇಕು. ‘ಪಿಕ್ ಮಿ ಅಪ್’ ಎಂದಷ್ಟೇ ಹೇಳಿದರೆ ‘ನನ್ನನ್ನು ಕರ್ಕೊಂಡು ಹೋಗು’ ಎಂದು ಆಜ್ಞೆ ಮಾಡಿದಂತೆ. ಸಹೋದ್ಯೋಗಿಗೆ, ಹಿರಿಯರಿಗೆ, ಗುರುತಿನ ಚಾಲಕರಿಗೆ ನಾವು ‘ಸ್ವಲ್ಪ ಕರ್ಕೊಂಡು ಹೋಗ್ತೀರಾ ಸಾರ್’ ಎಂದು ಕೇಳುವ ರೀತಿಗೆ ಹೊಂದುವುದು ‘ಕುಡ್ ಯೂ ಪಿಕ್ ಮಿ ಅಪ್ ನಿಯರ್ ದ ಹಾಸನ್ ಬಸ್ ಸ್ಟ್ಯಾಂಡ್?’ ಎಂಬುದು. ಕನ್ನಡದ ‘ತೀರಾ’ ಮಾಡುವ ಕೆಲಸವನ್ನು ಅಲ್ಲಿ ‘ಕುಡ್ ಯೂ’ ಮಾಡುತ್ತದೆ.

ಇಲ್ಲಿ ಒಂದು ಎಚ್ಚರಿಕೆಯನ್ನು ಮುಚ್ಚಿಡದೆ ಹೇಳಬೇಕು. ಮೊದಲೇ ಗೊತ್ತಾದ ಅತಿಥಿಗೆ ‘ಐ ಆಮ್ ಹಿಯರ್ ಟು ಪಿಕ್ ಯೂ ಅಪ್’ ಎನ್ನುವುದು ಸಭ್ಯವಾದ ಮಾತೇ. ಆದರೆ ಗುರುತಿಲ್ಲದ ಹೆಣ್ಣುಮಗಳ ಬಗ್ಗೆ ಮೂರನೆಯವರ ಮುಂದೆ ‘ಐ ಪಿಕ್ಟ್ ಅಪ್ ಎ ಗರ್ಲ್’ ಎಂದರೆ ಸಲುಗೆ ಬೆಳೆಸಿ ಜೊತೆಗೆ ಕರೆದೊಯ್ದೆ ಎಂಬ ಅರ್ಥ ಬರುತ್ತದೆ. ಚಾಲಕರು ‘ಗರ್ಲ್’ ಜಾಗದಲ್ಲಿ ‘ಗೆಸ್ಟ್’ ಎಂದು ಹೇಳುವುದನ್ನು ರೂಢಿಸಿಕೊಂಡರೆ ಯಾರಿಗೂ ನೋವಾಗುವುದಿಲ್ಲ. ಪೊಲೀಸರು ಒಬ್ಬರನ್ನು ಹಿಡಿದುಕೊಂಡು ಹೋದರು ಎನ್ನುವುದಕ್ಕೂ ಇದೇ ಕ್ರಿಯಾಪದ ಸಲ್ಲುತ್ತದೆ ಎಂಬುದನ್ನೂ ಪತ್ರಿಕೆ ಓದುವಾಗ ನೆನಪಿಡಿ.

ಐದನೆಯ ಹೆಜ್ಜೆ: ಫೋನ್, ಸಿಗ್ನಲ್, ಸಾಮಾನು

‘ಹಿ ಈಸ್ ನಾಟ್ ಪಿಕಿಂಗ್ ಮೈ ಕಾಲ್’ ಎಂಬ ವಾಕ್ಯವನ್ನು ದಿನಕ್ಕೆ ಎಷ್ಟು ಬಾರಿ ಕೇಳುತ್ತೇವೋ ಲೆಕ್ಕವಿಲ್ಲ. ಅಲ್ಲಿ ‘ಅಪ್’ ಇಲ್ಲ. ‘ಹಿ ಈಸ್ ನಾಟ್ ಪಿಕಿಂಗ್ ಅಪ್’ ಎಂದರೆ ಸಾಕು. ಫೋನ್ ಎಂಬ ಪದವನ್ನೂ ಹೇಳಬೇಕಿಲ್ಲ, ಕನ್ನಡದಲ್ಲಿ ‘ಎತ್ತುತ್ತಾ ಇಲ್ಲ’ ಎಂದಷ್ಟೇ ಹೇಳಿದರೂ ಫೋನ್ ಎಂದು ತಿಳಿಯುವಂತೆ. ಹೇಳಲೇಬೇಕೆಂದರೆ ‘ಹಿ ಡಿಡ್ ನಾಟ್ ಪಿಕ್ ಅಪ್ ದ ಫೋನ್’ ಎನ್ನಿ. ‘ಕಾಲ್’ ಎಂಬ ಪದವೇ ಬೇಕಿದ್ದರೆ ‘ಆನ್ಸರ್’ ಎಂಬ ಕ್ರಿಯಾಪದ ಅದಕ್ಕೆ ಹೆಚ್ಚು ಒಪ್ಪುತ್ತದೆ.

ಮಲೆನಾಡಿನಲ್ಲಿ ಫೋನ್ ಎತ್ತದಿರಲು ಮನಸ್ಸಿಲ್ಲದಿರುವುದಕ್ಕಿಂತ ಸಿಗ್ನಲ್ ಇಲ್ಲದಿರುವುದೇ ಹೆಚ್ಚಿನ ಕಾರಣ. ಅದಕ್ಕೂ ‘ಪಿಕ್ ಅಪ್’ ಒದಗುತ್ತದೆ. ಕೊಟ್ಟಿಗೆಹಾರದ ಮಂಜಿನ ನಡುವೆ ನಿಂತು ‘ಮೈ ಫೋನ್ ಡಸ್ ನಾಟ್ ಪಿಕ್ ಅಪ್ ಎನಿ ಸಿಗ್ನಲ್ ಹಿಯರ್’ ಎಂದರೆ ಇಲ್ಲಿ ನನ್ನ ಫೋನಿಗೆ ಸಿಗ್ನಲ್ ಸಿಗುತ್ತಿಲ್ಲ ಎಂದರ್ಥ. ರೇಡಿಯೊ ಹಾಸನ ಆಕಾಶವಾಣಿಯನ್ನು ಹಿಡಿದುಕೊಂಡಿತು ಎನ್ನಲೂ ಇದೇ ಮಾತು.

ಸಾಮಾನಿನ ವಿಷಯದಲ್ಲಿ ‘ಪಿಕ್ ಅಪ್’ಗೆ ದಾರಿಯಲ್ಲಿ ಹಾಗೇ ತೆಗೆದುಕೊಳ್ಳುವುದು ಎಂಬ ಛಾಯೆಯಿದೆ. ಮನೆಗೆ ಬರುವಾಗ ಹಾಲು ತೆಗೆದುಕೊಂಡು ಬಾ ಎಂಬುದಕ್ಕೆ ‘ಪಿಕ್ ಅಪ್ ಸಮ್ ಮಿಲ್ಕ್ ಆನ್ ದ ವೇ ಹೋಮ್’ ಚೆನ್ನಾಗಿ ಒಪ್ಪುತ್ತದೆ. ಮದುವೆಗೆ ಒಡವೆ ಕೊಳ್ಳಲೆಂದೇ ಬೆಂಗಳೂರಿಗೆ ಹೋದದ್ದನ್ನು ಮಾತ್ರ ‘ಬಾಟ್’ ಎಂದೇ ಹೇಳಿ. ದರ್ಜಿಯ ಬಳಿ ಹೊಲಿಗೆಗೆ ಕೊಟ್ಟ ಬಟ್ಟೆ, ಅಂಚೆ ಕಚೇರಿಗೆ ಬಂದ ಪಾರ್ಸೆಲ್ ಮುಂತಾಗಿ ಈಗಾಗಲೇ ನಮ್ಮದಾದದ್ದನ್ನು ಹೋಗಿ ತರುವುದಕ್ಕೂ ಇದೇ ಸರಿಯಾದ ಪದ.

ಆರನೆಯ ಹೆಜ್ಜೆ: ಕಲಿತುಕೊಂಡದ್ದು, ಅಂಟಿಸಿಕೊಂಡದ್ದು

ನನಗೆ ಅತ್ಯಂತ ಪ್ರಿಯವಾದ ಬಳಕೆ ಇದು. ಕೊಯ್ಲಿನ ಕೆಲಸಕ್ಕೆ ಅಸ್ಸಾಮಿನಿಂದ ಬಂದ ಕಾರ್ಮಿಕರು ಎರಡು ಕೊಯ್ಲು ಕಳೆಯುವಷ್ಟರಲ್ಲಿ ಮೇಸ್ತ್ರಿಯ ಮಾತು, ಸಂತೆಯ ಮಾತು, ಲೈನಿನ (ಕಾರ್ಮಿಕರ ಸಾಲುಮನೆಗಳ) ಮಕ್ಕಳ ಮಾತು ಕೇಳಿ ಕೇಳಿ ಕನ್ನಡ ಆಡತೊಡಗುತ್ತಾರೆ. ಯಾರೂ ಪಾಠ ಹೇಳಿರುವುದಿಲ್ಲ. ‘ದೇ ಪಿಕ್ಟ್ ಅಪ್ ಕನ್ನಡ ಇನ್ ದ ಎಸ್ಟೇಟ್’ ಎಂಬ ವಾಕ್ಯದಲ್ಲಿ ಆ ಕಲಿಕೆಯ ಬಗೆಯೇ ಅಡಗಿದೆ: ಬಿದ್ದ ಹಣ್ಣನ್ನು ಹೆಕ್ಕುವಂತೆ ಕಿವಿಗೆ ಬಿದ್ದ ಮಾತನ್ನು ಒಂದೊಂದಾಗಿ ಹೆಕ್ಕಿಕೊಂಡರು. ಆದ್ದರಿಂದ ಕಾಲೇಜಿನಲ್ಲಿ ಮೂರು ವರ್ಷ ಕೂತು ಓದಿ ಕಲಿತ ವಿಷಯಕ್ಕೆ ಈ ಪದ ಹಾಕಬಾರದು, ಅದಕ್ಕೆ ‘ಲರ್ನ್ಟ್’ ಅಥವಾ ‘ಸ್ಟಡೀಡ್’ ಬೇಕು. ಕೆಲಸಕ್ಕೆ ಅರ್ಜಿ ಹಾಕುವಾಗ ‘ಐ ಪಿಕ್ಟ್ ಅಪ್ ಅಕೌಂಟಿಂಗ್’ ಎಂದರೆ ಪರಿಶ್ರಮಪಟ್ಟು ಓದಿದ ನಿಮ್ಮ ಓದನ್ನು ನೀವೇ ಕಡಿಮೆ ಮಾಡಿಕೊಂಡಂತಾಗುತ್ತದೆ.

ಒಳ್ಳೆಯದು ಬರುವ ದಾರಿಯಲ್ಲೇ ಕೆಟ್ಟದ್ದೂ ಬರುತ್ತದೆ. ಶಾಲೆಗೆ ಹೋದ ಮಗು ಶೀತ ಅಂಟಿಸಿಕೊಂಡು ಬಂದರೆ ‘ಪಿಕ್ಟ್ ಅಪ್ ಎ ಕೋಲ್ಡ್’, ಗೆಳೆಯರಿಂದ ಕೆಟ್ಟ ಚಟ ಕಲಿತರೆ ‘ಪಿಕ್ಟ್ ಅಪ್ ಎ ಬ್ಯಾಡ್ ಹ್ಯಾಬಿಟ್’.

ಏಳನೆಯ ಹೆಜ್ಜೆ: ವಸ್ತುವೇ ಇಲ್ಲದ ‘ಪಿಕ್ ಅಪ್’

ಕೆಲವು ವಾಕ್ಯಗಳಲ್ಲಿ ಎತ್ತಿಕೊಳ್ಳುವವರೂ ಇಲ್ಲ, ಎತ್ತಬೇಕಾದದ್ದೂ ಇಲ್ಲ. ಕುಗ್ಗಿದ್ದದ್ದು ತಾನಾಗಿ ಏಳುತ್ತದೆ. ಜೂನ್ ಮಧ್ಯದಲ್ಲಿ ಜಿಟಿಜಿಟಿ ಹನಿಯುತ್ತಿದ್ದ ಮಳೆ ಸಂಜೆಗೆ ಜೋರು ಹಿಡಿದುಕೊಂಡಿತು ಎನ್ನಲು ‘ದ ರೇನ್ ಪಿಕ್ಟ್ ಅಪ್ ಇನ್ ದ ಈವ್ನಿಂಗ್’ ಎಂದರಾಯಿತು. ಗಾಳಿಗೂ ವ್ಯಾಪಾರಕ್ಕೂ ಇದೇ ರೀತಿ. ಇಲ್ಲಿ ‘ಇಟ್’, ‘ದೆಮ್’ ಏನನ್ನೂ ನಡುವೆ ಇಡುವಂತಿಲ್ಲ, ಏಕೆಂದರೆ ಇಡಲು ವಸ್ತುವೇ ಇಲ್ಲ.

ಬೆಲೆಯ ಸಂಗತಿಯಲ್ಲಿ ಮಾತ್ರ ಯಾರ ಕಡೆಯಿಂದ ಹೇಳುತ್ತಿದ್ದೇವೆ ಎಂಬುದನ್ನು ನೋಡಬೇಕು. ಕುಸಿದಿದ್ದ ಕಾಫಿ ಬೆಲೆ ಚೇತರಿಸಿಕೊಂಡಾಗ ಬೆಳೆಗಾರರು ಸಮಾಧಾನದಿಂದ ‘ಪ್ರೈಸಸ್ ಹ್ಯಾವ್ ಪಿಕ್ಟ್ ಅಪ್’ ಎನ್ನುತ್ತಾರೆ. ಪೆಟ್ರೋಲ್ ತುಟ್ಟಿಯಾದಾಗ ಕೊಳ್ಳುವವರು ಹಾಗೆನ್ನುವುದಿಲ್ಲ, ‘ವೆಂಟ್ ಅಪ್’ ಎನ್ನುತ್ತಾರೆ. ‘ಪಿಕ್ ಅಪ್’ನಲ್ಲಿ ಬಿದ್ದದ್ದು ಎದ್ದಿತು ಎಂಬ ನೆಮ್ಮದಿ ಇದೆ. ವೇಗ ಎಂಬ ಪದದೊಂದಿಗೆ ಇದು ಮತ್ತೆ ವಸ್ತು ಸಹಿತವಾಗಿ ಬರುತ್ತದೆ: ಘಾಟಿಯಲ್ಲಿ ನಿಧಾನವಾಗಿ ಏರಿಬಂದ ರೈಲು ಸಕಲೇಶಪುರ ದಾಟಿ ಹಾಸನದ ಕಡೆ ಹೊರಟಮೇಲೆ ‘ಪಿಕ್ಸ್ ಅಪ್ ಸ್ಪೀಡ್’.

ಇನ್ನುಳಿದವನ್ನು ಬೇಗ ಹೇಳಿಬಿಡುತ್ತೇನೆ. ಊಟದ ಬಿಲ್ಲನ್ನು ತಾವೇ ಕೊಡುವುದು ‘ಪಿಕ್ ಅಪ್ ದ ಬಿಲ್’. ನಿನ್ನೆ ನಿಲ್ಲಿಸಿದ ಕಡೆಯಿಂದ ಪಾಠವನ್ನು ಮತ್ತೆ ಕೈಗೆತ್ತಿಕೊಳ್ಳೋಣ ಎಂಬುದು ‘ಲೆಟ್ ಅಸ್ ಪಿಕ್ ಅಪ್ ವೇರ್ ವಿ ಲೆಫ್ಟ್ ಆಫ್’. ಯಾರೂ ಬಾಯಿಬಿಟ್ಟು ಹೇಳದ್ದನ್ನು ಗ್ರಹಿಸಿಕೊಳ್ಳುವುದು ‘ಪಿಕ್ ಅಪ್ ಆನ್’, ಅಲ್ಲಿ ‘ಆನ್’ ಕೂಡ ಬೇಕು. ಮುಳ್ಳಯ್ಯನಗಿರಿಗೆ ಹೊರಡುವ ಅತಿಥಿಗಳಿಗೆ ‘ಪ್ಲೀಸ್ ಪಿಕ್ ಅಪ್ ಆಫ್ಟರ್ ಯುವರ್‌ಸೆಲ್ವ್ಸ್’ ಎಂದರೆ ನಿಮ್ಮ ಕಸವನ್ನು ನೀವೇ ಎತ್ತಿಕೊಂಡು ಬನ್ನಿ ಎಂದು ಮರ್ಯಾದೆಯಿಂದಲೇ ತಿಳಿಸಿದಂತೆ. ಈ ಒಂದು ವಾಕ್ಯವನ್ನು ನಮ್ಮ ಹೋಮ್‌ಸ್ಟೇಗಳವರೆಲ್ಲ ಕಲಿತು ಬಳಸಲಿ ಎಂದು ನನಗೆ ಬಹಳ ಆಸೆಯಿದೆ.

ಎಂಟನೆಯ ಹೆಜ್ಜೆ: ಬಳಸಬಾರದ ಕಡೆ, ಮತ್ತು ಅಭ್ಯಾಸ

ಬ್ಯಾಂಕಿಗೆ, ತಾಲ್ಲೂಕು ಕಚೇರಿಗೆ ಇಂಗ್ಲಿಷಿನಲ್ಲಿ ಪತ್ರ ಬರೆಯುವಾಗ ‘ಪಿಕ್ ಅಪ್’ ಸ್ವಲ್ಪ ಸಲುಗೆಯ ಪದವಾಗಿ ಕಾಣುತ್ತದೆ. ದಾಖಲೆಯನ್ನು ಬಂದು ಪಡೆಯುತ್ತೇನೆ ಎಂಬುದಕ್ಕೆ ಅಲ್ಲಿ ‘ಕಲೆಕ್ಟ್’ ಸೂಕ್ತ. ಮಾತು, ಸಂದೇಶ, ಗೆಳೆಯರಿಗೆ ಬರೆಯುವ ಪತ್ರಗಳಲ್ಲಿ ಮಾತ್ರ ಅದು ತನ್ನ ಮನೆಯಲ್ಲಿದ್ದಂತೆ ಇರುತ್ತದೆ.

ಅಭ್ಯಾಸಕ್ಕೆ ರಾತ್ರಿ ಮಲಗುವ ಮುನ್ನ ಆ ದಿನ ನಡೆದದ್ದರಲ್ಲಿ ‘ಕೊಂಡೆ’ ಎಂದು ಮುಗಿಯುವ ನಾಲ್ಕು ವಾಕ್ಯಗಳನ್ನು ಕನ್ನಡದಲ್ಲೇ ಬರೆಯಿರಿ. ಪ್ರತಿಯೊಂದರಲ್ಲೂ ಹೊರಗಿದ್ದದ್ದೇನಾದರೂ ನಿಮ್ಮ ಕಡೆಗೆ ಬಂತೇ ಎಂದು ಕೇಳಿಕೊಳ್ಳಿ. ಬಂದಿದ್ದರೆ ‘ಪಿಕ್ಟ್ ಅಪ್’ ಹಾಕಿ ಇಂಗ್ಲಿಷಿಗೆ ತಿರುಗಿಸಿ, ಬಳಿಕ ವಸ್ತುವಿನ ಹೆಸರನ್ನು ಅಳಿಸಿ ಸರ್ವನಾಮವನ್ನು ನಡುವೆ ಕೂರಿಸಿ. ‘ಮಗಳನ್ನು ಶಾಲೆಯಿಂದ ಕರೆದುಕೊಂಡೆ’ ಎಂಬುದು ‘ಐ ಪಿಕ್ಟ್ ಅಪ್ ಮೈ ಡಾಟರ್ ಫ್ರಮ್ ಸ್ಕೂಲ್’ ಆಗುತ್ತದೆ, ಆಮೇಲೆ ‘ಐ ಪಿಕ್ಟ್ ಹರ್ ಅಪ್ ಫ್ರಮ್ ಸ್ಕೂಲ್’ ಆಗುತ್ತದೆ. ‘ಬಿದ್ದ ಕೊಡೆ ಎತ್ತಿಕೊಂಡೆ’ ಎಂಬುದನ್ನೂ ಹಾಗೆಯೇ ಮಾಡಿ. ‘ಸುಸ್ತಾಗಿ ಕೂತುಕೊಂಡೆ’ ಎಂಬುದು ಬಂದರೆ ಬಿಟ್ಟುಬಿಡಿ, ಅಲ್ಲಿ ನಿಮ್ಮ ಕೈಗೆ ಏನೂ ಬಂದಿಲ್ಲ. ‘ತುಳು ಕೇಳಿ ಕೇಳಿ ಕಲಿತುಕೊಂಡೆ’ ಎಂಬುದರಲ್ಲಿ ಸರ್ವನಾಮ ಎಲ್ಲಿ ಕೂರಬೇಕೆಂದು ನೀವೇ ಗಟ್ಟಿಯಾಗಿ ಹೇಳಿ ನೋಡಿ: ‘ಐ ಪಿಕ್ಟ್ ಇಟ್ ಅಪ್.’